ಟೆಕ್ನಿಕಲ್ ರೈಟರ್ ಆಗಬೇಕೆ? ಔಷಧಿ ಡಬ್ಬದ ಚೀಟಿಯಿಂದ ಶುರು ಮಾಡಿ

ಕೀಟನಾಶಕದ ಡಬ್ಬದ ಜೊತೆ ಮಡಚಿಟ್ಟ ಒಂದು ಚೀಟಿ ಬರುತ್ತದೆ. ಬಿಡಿಸಿದರೆ ಕರ್ಚೀಫಿನಷ್ಟು ದೊಡ್ಡದು, ಅಕ್ಷರ ಮಾತ್ರ ಎಳ್ಳಿನಷ್ಟು. ಶಿಕಾರಿಪುರದ ಅಂಗಡಿಯಲ್ಲಿ ಡಬ್ಬ ಕೊಂಡವರಲ್ಲಿ ಅದನ್ನು ಓದುವವರು ಎಷ್ಟು ಜನ? ಹೆಚ್ಚಿನವರು ಅಂಗಡಿಯವರನ್ನೇ ಕೇಳುತ್ತಾರೆ: "ಒಂದು ಟ್ಯಾಂಕಿಗೆ ಎಷ್ಟು ಹಾಕ್ಬೇಕಣ್ಣ?" ಅವರು ಮುಚ್ಚಳದ ಲೆಕ್ಕ ಹೇಳುತ್ತಾರೆ. ಚೀಟಿ ಹೊಲದ ಬದುವಿನಲ್ಲೇ ಉಳಿಯುತ್ತದೆ.

ಆ ಚೀಟಿಯನ್ನು ಯಾರೋ ಬರೆದಿದ್ದಾರೆ. ಮೋಟರ್ ಸ್ಟಾರ್ಟರಿನ ಪುಸ್ತಕ, ಹಾಲು ಕರೆಯುವ ಯಂತ್ರದ ಕೈಪಿಡಿ, ಫೋನ್‌ಪೇಯಲ್ಲಿ ಹಣ ಹೋಗದಿದ್ದಾಗ ಪರದೆಯ ಮೇಲೆ ಬರುವ ಎರಡು ಸಾಲು, ಬ್ಯಾಂಕಿನ ಅರ್ಜಿಯ ಹಿಂಬದಿಯ ಸೂಚನೆ, ಇವನ್ನೆಲ್ಲ ಯಾರೋ ಕೂತು ಬರೆದಿರುತ್ತಾರೆ. ಆ ಕೆಲಸಕ್ಕೆ ಟೆಕ್ನಿಕಲ್ ರೈಟಿಂಗ್ ಎನ್ನುತ್ತಾರೆ. ಬೆಂಗಳೂರಿನ ಕಂಪನಿಗಳಲ್ಲಿ ಅದು ಸಂಬಳದ ಹುದ್ದೆ. ನಮ್ಮ ತಾಲ್ಲೂಕುಗಳ ಡಿಗ್ರಿ ಕಾಲೇಜುಗಳಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ.

ಪತ್ರಿಕೋದ್ಯಮ ಓದಿದ ಹಳ್ಳಿಯ ಹುಡುಗ ಹುಡುಗಿಯರಾದ ನಮ್ಮ ಅಭಿಪ್ರಾಯ ಇಷ್ಟು: ಸೊರಬ, ಶಿಕಾರಿಪುರದಂಥ ಊರಿನಲ್ಲಿ ಬೆಳೆದವರು ಈ ಕೆಲಸಕ್ಕೆ ಯಾರಿಗೂ ಕಡಿಮೆಯಿಲ್ಲ. ಕಲಿಯಲು ಬೇಕಾದ ಸಾಮಗ್ರಿ ಊರಿನಲ್ಲೇ ಬಿದ್ದಿದೆ. ಇಲ್ಲಿನ ತಪ್ಪು ಚೀಟಿಗಳನ್ನು ಸರಿ ಮಾಡುತ್ತಾ ಕಲಿತವರು ಆಮೇಲೆ ಎಲ್ಲಿ ಬೇಕಾದರೂ ಕೆಲಸ ಮಾಡಬಲ್ಲರು.

ಕ್ಯಾಸನೂರು ಕಲಿಸುವ ಪಾಠ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಬಂತು. ಆಗ ಪತ್ತೆಯಾದದ್ದು ಕ್ಯಾಸನೂರು ಅರಣ್ಯ ಕಾಯಿಲೆ, ನಾವು ಮಂಗನ ಕಾಯಿಲೆ ಎನ್ನುವುದು. ಅದು ಮುಖ್ಯವಾಗಿ ಹರಡುವುದು ಕಾಡಿನ ಉಣುಗು ಕಚ್ಚುವುದರಿಂದ. ಬೇಸಿಗೆಯ ಹೊತ್ತಿಗೆ ಮಲೆನಾಡಿನಲ್ಲಿ ಈಗಲೂ ಅದರ ಭಯವಿದೆ.

ಇಂಥ ಕಾಯಿಲೆಗೆ ಆಸ್ಪತ್ರೆ ಎಷ್ಟು ಮುಖ್ಯವೋ ಒಂದು ಒಳ್ಳೆಯ ಕರಪತ್ರವೂ ಅಷ್ಟೇ ಮುಖ್ಯ. ಆದರೆ ಕಚೇರಿಯ ಕನ್ನಡ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಉದಾಹರಣೆಗೆ ಆ ಧಾಟಿಯಲ್ಲಿ ನಾವೇ ಒಂದು ಸಾಲು ಬರೆಯುತ್ತೇವೆ:

"ಅರಣ್ಯ ಪ್ರದೇಶಕ್ಕೆ ತೆರಳುವ ಸಾರ್ವಜನಿಕರು ಮುಂಜಾಗ್ರತಾ ಕ್ರಮವಾಗಿ ಕೀಟ ವಿಕರ್ಷಕ ತೈಲವನ್ನು ಲೇಪಿಸಿಕೊಂಡು ವೈಯಕ್ತಿಕ ಸ್ವಚ್ಛತೆಯನ್ನು ಕಾಪಾಡಿಕೊಳ್ಳತಕ್ಕದ್ದು."

ಇದರಲ್ಲಿ ತಪ್ಪು ಮಾಹಿತಿ ಇಲ್ಲ. ಆದರೆ ದರಗು ತರಲು ಹೊರಟು ನಿಂತ ಅಮ್ಮನಿಗೆ ಇದರಿಂದ ಏನು ತಿಳಿಯಿತು? ಇದನ್ನೇ ಹೀಗೆ ಬರೆಯಬಹುದು:

ದರಗು, ಸೊಪ್ಪು, ಸೌದೆಗೆ ಕಾಡಿಗೆ ಹೋಗುತ್ತೀರಾ?
1. ಹೋಗುವ ಮೊದಲು ಕೈ, ಕಾಲು, ಕುತ್ತಿಗೆಗೆ ಡೆಪಾ ಎಣ್ಣೆ ಹಚ್ಚಿ. ಸಿಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.
2. ಮೈ ತುಂಬ ಬಟ್ಟೆ ಹಾಕಿಕೊಳ್ಳಿ.
3. ಮನೆಗೆ ಬಂದ ಕೂಡಲೇ ಮೈ ನೋಡಿಕೊಳ್ಳಿ. ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ. ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ.
4. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಆಸ್ಪತ್ರೆಗೆ ತಿಳಿಸಿ.
5. ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಹೇಳಿ.

ಎರಡರ ನಡುವಿನ ವ್ಯತ್ಯಾಸವೇ ಟೆಕ್ನಿಕಲ್ ರೈಟಿಂಗ್. ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ಓದಿದ ಮೇಲೆ ಏನು ಮಾಡಬೇಕು, ಈ ಮೂರನ್ನು ಮೊದಲು ಕೇಳಿಕೊಂಡು ಬರೆಯುವುದು. ಒಂದು ಸಾಲಿಗೆ ಒಂದೇ ಕೆಲಸ. ಯಾವುದು ಮೊದಲು ಮಾಡಬೇಕೋ ಅದು ಮೊದಲು.

ಇನ್ನೂ ಒಂದು ಮಾತಿದೆ. 'ಉಣುಗು' ಎಂದರೆ ಕೆಲವರಿಗೆ ಗೊತ್ತು, 'ಉಣ್ಣೆ' ಎಂದರೆ ಮತ್ತೆ ಕೆಲವರಿಗೆ. ಪಕ್ಕದ ಊರಿನಲ್ಲಿ ಬೇರೆಯೇ ಉಚ್ಚಾರ ಇರಬಹುದು. ನಿಘಂಟಿನಲ್ಲಿ ಯಾವುದು ಸರಿ ಎಂಬುದಕ್ಕಿಂತ, ಕರಪತ್ರ ಹಂಚುವ ಊರಿನ ಬಾಯಲ್ಲಿ ಯಾವುದಿದೆ ಎಂಬುದು ಮುಖ್ಯ. ಬೆಂಗಳೂರಿನ ಮೇಜಿನ ಮುಂದೆ ಕೂತವರಿಗೆ ಇದು ತಿಳಿಯುವುದು ಕಷ್ಟ. ನಿಮಗೆ ಅದು ಹುಟ್ಟಿನಿಂದಲೇ ಬಂದಿದೆ.

0.4 ಗ್ರಾಂ ಎಂದರೆ ಎಷ್ಟು?

ಎರಡನೆಯ ಉದಾಹರಣೆ ಮೆಕ್ಕೆಜೋಳದ್ದು. ಶಿಕಾರಿಪುರದ ಕಡೆ ಗೋವಿನಜೋಳ ಎಂದರೂ ಅದೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ ಮತ್ತು ಸಿ.ಎಂ. ಕಲ್ಲೇಶ್ವರಸ್ವಾಮಿ ಅಮೆರಿಕ ಮೂಲದ ಒಂದು ಸೈನಿಕ ಹುಳುವನ್ನು ಗುರುತಿಸಿದರು. ಭಾರತದಲ್ಲಿ ಆ ಹುಳು ಮೊದಲು ದಾಖಲಾದದ್ದು ನಮ್ಮ ಜಿಲ್ಲೆಯಲ್ಲಿ. ರೈತರು ಅದನ್ನು ಲದ್ದಿ ಹುಳು ಎಂದೂ ಕರೆದರು, ಸುಳಿಯೊಳಗೆ ತಿಂದು ಲದ್ದಿ ತುಂಬಿಸುತ್ತದೆ ಎಂಬ ಕಾರಣಕ್ಕೆ.

ವಿಜ್ಞಾನಿಗಳು ಹುಳುವಿನ ಗುರುತು ಹೇಳಿದರು: ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರ, ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಯಂತೆ ನಾಲ್ಕು ಕಪ್ಪು ಚುಕ್ಕೆ. ಇಂಗ್ಲಿಷ್ ಅಕ್ಷರ ಬಾರದ ರೈತನಿಗೆ 'ವೈ' ಎಂದರೆ ಏನು? ಕವೆಕೋಲನ್ನು ತಲೆಕೆಳಗೆ ಹಿಡಿದ ಹಾಗೆ ಎಂದರೆ ತಕ್ಷಣ ಗೊತ್ತಾಗುತ್ತದೆ. ವಿಜ್ಞಾನ ಬದಲಾಗಲಿಲ್ಲ, ಹೋಲಿಕೆ ಮಾತ್ರ ಊರಿನದಾಯಿತು.

ಮುಂದಿನದು ಲೆಕ್ಕ. ಈ ಹುಳುವಿಗೆ ಆಗ ಬಂದ ಶಿಫಾರಸುಗಳಲ್ಲಿ ಒಂದು: ಎಮಾಮೆಕ್ಟಿನ್ ಬೆಂಜೊಯೇಟ್ ಶೇ 5 ಎಸ್‌ಜಿ, ಒಂದು ಲೀಟರ್ ನೀರಿಗೆ 0.4 ಗ್ರಾಂ. ವಿಜ್ಞಾನಿಗೆ ಇದು ಸ್ಪಷ್ಟ. ಆದರೆ ಯಾರೂ ಹೊಲದಲ್ಲಿ ಒಂದು ಲೀಟರ್ ಔಷಧಿ ಹೊಡೆಯುವುದಿಲ್ಲ. ಬೆನ್ನಿಗೆ ಹಾಕುವ ಟ್ಯಾಂಕ್ 16 ಲೀಟರಿನದಾದರೆ ಬೇಕಾದದ್ದು 6.4 ಗ್ರಾಂ. 200 ಲೀಟರ್ ಡ್ರಮ್ಮಿಗೆ 80 ಗ್ರಾಂ. ಚೀಟಿಯಲ್ಲಿ ಈ ಎರಡು ಸಾಲು ಇದ್ದರೆ ಮುಚ್ಚಳದ ಲೆಕ್ಕ ಬೇಕಾಗುವುದಿಲ್ಲ. ಕಡಿಮೆ ಹಾಕಿದರೆ ಹುಳು ಸಾಯದು, ಹೆಚ್ಚು ಹಾಕಿದರೆ ದುಡ್ಡೂ ಹಾಳು, ಹೊಡೆಯುವವರ ಮೈಗೂ ಕೇಡು. (ಈ ವರ್ಷ ನಿಮ್ಮ ಬೆಳೆಗೆ ಏನು ಹೊಡೆಯಬೇಕು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ನಾವು ಇಲ್ಲಿ ಹೇಳುತ್ತಿರುವುದು ಬರೆಯುವ ವಿಧಾನ ಮಾತ್ರ.)

ಕೀಟನಾಶಕದ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು ಎಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಅಂದರೆ ಕನ್ನಡ ಬರೆಯುವವರು ಕಾನೂನಿನ ಪ್ರಕಾರವೇ ಬೇಕು. ಡಬ್ಬದ ಮೇಲೆ ವಜ್ರಾಕಾರದ ಒಂದು ಗುರುತೂ ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ವಿಷದ ಪ್ರಮಾಣ ಹೇಳುತ್ತದೆ: ಕೆಂಪು ಎಂದರೆ ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷ ಇಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದು. ಇದನ್ನು ಊರಿನ ಹತ್ತು ಜನರಿಗೆ ಕೇಳಿ ನೋಡಿ. ಎಷ್ಟು ಜನ ಸರಿಯಾಗಿ ಹೇಳುತ್ತಾರೆ ಎಂಬುದೇ ಆ ಗುರುತಿನ ಪರೀಕ್ಷೆ.

ಇದು ನಮಗೆ ಹೊಸದಲ್ಲ

ತಾಂತ್ರಿಕ ವಿಷಯಕ್ಕೆ ಕನ್ನಡ ಸಾಲದು ಎನ್ನುವವರಿಗೆ ಎರಡು ಮಾತು. ಎರಡನೇ ಚಾವುಂಡರಾಯ ಸುಮಾರು 1025ರಲ್ಲಿ 'ಲೋಕೋಪಕಾರ' ಬರೆದ. ಬಾವಿಗೆ ನೀರು ಹುಡುಕುವುದು, ಗಿಡ ಬೆಳೆಸುವುದು, ಅಡುಗೆ, ದನಕರುಗಳ ಔಷಧ ಎಲ್ಲ ಅದರಲ್ಲಿದೆ. ಹೆಸರೇ ಹೇಳುವಂತೆ ಜನರ ಉಪಯೋಗಕ್ಕೆ ಬರೆದ ಪುಸ್ತಕ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದಾನ ಶಾಸನಗಳ ಮುಂದೆ ನಿಂತರೂ ಇದೇ ಕಾಣುತ್ತದೆ. ಯಾರು ಕೊಟ್ಟರು, ಯಾರಿಗೆ, ಯಾವ ಭೂಮಿ, ಗಡಿ ಎಲ್ಲಿ, ಮುರಿದರೆ ಏನು ಪಾಪ ಎಂದು ಕ್ರಮವಾಗಿ ಹೇಳುವುದು ಶಾಸನದ ರೂಢಿ. ಬೇರೆ ಅರ್ಥ ಬರದ ಹಾಗೆ ಬರೆಯುವ ಅಭ್ಯಾಸ ಅದು.

ಹತ್ತಿರದ ಉದಾಹರಣೆಯೂ ಇದೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರೇ ಕೃಷಿಕರಿಗಾಗಿ ಬರೆಯುವ ದಾರಿ ತೋರಿತು. ಶ್ರೀಪಡ್ರೆ ಮತ್ತು ಗೆಳೆಯರು 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನಲ್ಲಿ ಬರವಣಿಗೆ ಕಲಿಸಿದರು. ತೋಟದಲ್ಲಿ ಕೆಲಸ ಮಾಡಿದವರು ಅಳತೆ, ಖರ್ಚು, ವಿಧಾನ ಸಮೇತ ಬರೆದರೆ ಓದುವವರು ಇದ್ದೇ ಇದ್ದಾರೆ ಎಂದು ಅದು ತೋರಿಸಿತು.

ಶುರು ಮಾಡುವುದು ಹೇಗೆ

ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಇವನ್ನು ಮಾಡಿ ಎನ್ನುವುದು ನಮ್ಮ ಸಲಹೆ.

ಮೊದಲನೆಯದು: ಜನ ಎಡವುವ ಒಂದು ಕೆಲಸ ಆರಿಸಿಕೊಳ್ಳಿ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಫೋಟೊ ಹಾಕುವುದು, ಫ್ರೂಟ್ಸ್ ಐಡಿ ಮಾಡಿಸುವುದು, ಪಹಣಿಯಲ್ಲಿ ಹೆಸರು ತಪ್ಪಿದ್ದರೆ ಏನು ಮಾಡಬೇಕು ಎಂಬುದು, ಸ್ಟಾರ್ಟರ್ ಟ್ರಿಪ್ ಆದರೆ ಮೊದಲು ಏನು ನೋಡಬೇಕು ಎಂಬುದು. ದೊಡ್ಡ ವಿಷಯ ಬೇಡ.

ಎರಡನೆಯದು: ಆ ಕೆಲಸವನ್ನು ನೀವೇ ಪೂರ್ತಿ ಮಾಡಿ. ಬೇರೆಯವರಿಂದ ಕೇಳಿ ಬರೆಯಬೇಡಿ. ಆ್ಯಪ್ ಆದರೆ ಪ್ರತಿ ಹಂತದಲ್ಲೂ ಸ್ಕ್ರೀನ್‌ಶಾಟ್ ತೆಗೆಯಿರಿ. ಯಂತ್ರವಾದರೆ ರಿಪೇರಿ ಮಾಡುವವರ ಪಕ್ಕ ಅರ್ಧ ದಿನ ಕೂರಿ. ಕರೆಂಟಿನ ಕೆಲಸಕ್ಕೆ ನೀವು ಕೈ ಹಾಕಬೇಡಿ, ನೋಡಿ ಬರೆದುಕೊಳ್ಳಿ.

ಮೂರನೆಯದು: ಒಂದೇ ಪುಟದಲ್ಲಿ ಬರೆಯಿರಿ. ಬೇಕಾದ ಸಾಮಾನು ಅಥವಾ ದಾಖಲೆಗಳನ್ನು ಮೊದಲೇ ಹೇಳಿ. ನಾಲ್ಕನೇ ಹಂತದಲ್ಲಿ 'ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ' ಎಂದರೆ ಜನ ಮನೆಗೆ ವಾಪಸ್ ಹೋಗಬೇಕಾಗುತ್ತದೆ. ಎಚ್ಚರಿಕೆಯ ಮಾತು ಕೆಲಸದ ಮೊದಲು ಬರಬೇಕು, ಆಮೇಲೆ ಅಲ್ಲ. 'ಮೇನ್ ಆಫ್ ಮಾಡಿ' ಎಂಬ ಸಾಲು 'ಮುಚ್ಚಳ ತೆಗೆಯಿರಿ' ಎಂಬುದರ ಕೆಳಗೆ ಇದ್ದರೆ ಅದು ಜೀವಕ್ಕೇ ಕುತ್ತು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯ: ಬರೆದದ್ದನ್ನು ಕೈಗೆ ಕೊಟ್ಟು ಸುಮ್ಮನೆ ನಿಲ್ಲಿ. ಪಕ್ಕದ ಮನೆಯ ಚಿಕ್ಕಮ್ಮನಿಗೋ ಗದ್ದೆಯ ಮಾವನಿಗೋ ಕೊಡಿ. ನೀವು ಬಾಯಿ ಬಿಡಬಾರದು. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ಹೋಗಿ ಓದಿದರು, ಎಲ್ಲಿ 'ಇದೇನು?' ಎಂದರು, ಅದನ್ನು ಬರೆದುಕೊಳ್ಳಿ. ಆ ಜಾಗಗಳನ್ನೆಲ್ಲ ತಿದ್ದಿ. ಐದು ಜನರಿಗೆ ಓದಿಸಿದರೆ ಚೀಟಿಯ ಬಹುಪಾಲು ದೋಷ ಹೊರಬೀಳುತ್ತದೆ.

ಐದನೆಯದು: ದಿನಾಂಕ ಹಾಕಿ. ಬೆಳೆ ಸಮೀಕ್ಷೆಯ ಆ್ಯಪ್ ಹಂಗಾಮಿನಿಂದ ಹಂಗಾಮಿಗೆ ಬದಲಾಗುತ್ತದೆ. ಹಳೆಯ ಚೀಟಿ ವಾಟ್ಸ್ಯಾಪಿನಲ್ಲಿ ವರ್ಷಗಟ್ಟಲೆ ಓಡಾಡುತ್ತಿರುತ್ತದೆ. ಯಾವ ತಿಂಗಳ, ಯಾವ ಆ್ಯಪಿಗೆ ಬರೆದದ್ದು ಎಂದು ಮೇಲೆಯೇ ಇರಲಿ.

ಹೀಗೆ ಮೂರು ಚೀಟಿ ಮಾಡಿದರೆ ನಿಮ್ಮ ಬಳಿ ತೋರಿಸಲು ಏನೋ ಇದೆ ಎಂದಾಯಿತು. ಮೊದಲ ಕರಡು, ಜನ ಎಡವಿದ ಪಟ್ಟಿ, ತಿದ್ದಿದ ಪುಟ, ಮೂರನ್ನೂ ಇಟ್ಟುಕೊಳ್ಳಿ. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟಿಗಿಂತ ಇದು ಹೆಚ್ಚು ಮಾತಾಡುತ್ತದೆ.

ಇಂಗ್ಲಿಷ್, ಟೈಪಿಂಗ್, ಸಲಕರಣೆ

ಸುಳ್ಳು ಭರವಸೆ ಕೊಡುವುದಿಲ್ಲ. ಕಂಪನಿಗಳ ಟೆಕ್ನಿಕಲ್ ರೈಟರ್ ಹುದ್ದೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಆದರೆ ಅಲ್ಲಿ ಬೇಕಾದದ್ದು ಕಾದಂಬರಿಯ ಇಂಗ್ಲಿಷ್ ಅಲ್ಲ. ಸಣ್ಣ ವಾಕ್ಯ, ಸುಲಭ ಪದ, ಒಂದು ವಸ್ತುವಿಗೆ ಒಂದೇ ಹೆಸರು. ಕನ್ನಡ ಮಾಧ್ಯಮದವರಿಗೂ ಇದು ಕಲಿಯಲು ಆಗುವಂಥದ್ದೇ. ನೀವು ಬರೆದ ಕನ್ನಡ ಚೀಟಿಯನ್ನೇ ಇಂಗ್ಲಿಷಿನಲ್ಲಿ ಬರೆಯಿರಿ, ಬೇರೆ ಒಂದು ಒಳ್ಳೆಯ ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತನ್ನಿ. ದಿನಕ್ಕೆ ಅರ್ಧ ಗಂಟೆ ಸಾಕು. ಗೂಗಲ್ ತನ್ನ ಎಂಜಿನಿಯರುಗಳಿಗಾಗಿ ಮಾಡಿದ ಟೆಕ್ನಿಕಲ್ ರೈಟಿಂಗ್ ಪಾಠಗಳನ್ನು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದೆ. 'ರೈಟ್ ದ ಡಾಕ್ಸ್' ಎಂಬುದು ಈ ಕೆಲಸದವರ ಜಾಗತಿಕ ಬಳಗ, ಅದರ ಬರಹಗಳನ್ನೂ ಫೋನಿನಲ್ಲೇ ಓದಬಹುದು.

ಕನ್ನಡವನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತ ಕಚೇರಿಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಅದರ ಅಕ್ಷರವನ್ನು ವಾಟ್ಸ್ಯಾಪಿಗೆ ನಕಲು ಮಾಡಿದರೆ ಅರ್ಥವಿಲ್ಲದ ಗೀಚು ಬರುತ್ತದೆ. ಹಳ್ಳಿಯವರು ಓದುವುದು ಫೋನಿನಲ್ಲಿ. ಆಮೇಲೆ ಮಾರ್ಕ್‌ಡೌನ್ ಕಲಿಯಿರಿ, ಒಂದು ಮಧ್ಯಾಹ್ನದ ಕೆಲಸ. ಗಿಟ್‌ಹಬ್ ಬಳಸುವುದನ್ನೂ ಕಲಿತರೆ ಸಾಫ್ಟ್‌ವೇರ್ ಕಂಪನಿಗಳ ಬಾಗಿಲು ಸ್ವಲ್ಪ ತೆರೆಯುತ್ತದೆ. ಅಭ್ಯಾಸಕ್ಕೆ 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯ ಇದೆ. ಅಲ್ಲಿ ಬರೆದದ್ದನ್ನು ಬೇರೆಯವರು ತಿದ್ದುತ್ತಾರೆ. ತಿದ್ದಿಸಿಕೊಳ್ಳುವ ಅಭ್ಯಾಸ ಈ ವೃತ್ತಿಯಲ್ಲಿ ತುಂಬಾ ಬೇಕು.

ಪತ್ರಿಕೋದ್ಯಮ ಓದಿದವರಿಗೆ ಅರ್ಧ ಕೆಲಸ ಈಗಾಗಲೇ ಬರುತ್ತದೆ. ಕೇಳುವುದು, ಖಚಿತ ಮಾಡಿಕೊಳ್ಳುವುದು, ಕತ್ತರಿಸುವುದು. ಒಂದೇ ವ್ಯತ್ಯಾಸ: ವರದಿ ಏನಾಯಿತು ಎಂದು ಹೇಳುತ್ತದೆ, ಕೈಪಿಡಿ ಈಗ ಏನು ಮಾಡಬೇಕು ಎಂದು ಹೇಳುತ್ತದೆ.

ದುಡ್ಡು ಯಾರು ಕೊಡುತ್ತಾರೆ?

ಕನ್ನಡದಲ್ಲಿ ಮಾತ್ರ ಬರೆದು ಪೂರ್ತಿ ಸಂಬಳ ಸಿಗುವುದು ಇವತ್ತು ಕಷ್ಟ. ಶುರುವಿನಲ್ಲಿ ತುಂಡು ಕೆಲಸ ಸಿಗಬಹುದು: ಪಂಪ್‌ಸೆಟ್, ಸ್ಪ್ರೇಯರ್, ಹನಿ ನೀರಾವರಿ ಮಾರುವವರು, ರೈತ ಉತ್ಪಾದಕ ಕಂಪನಿಗಳು, ಸೊಸೈಟಿಗಳು, ಗ್ರಾಮೀಣ ಸಂಸ್ಥೆಗಳು. 'ಕೆಲಸ ಕೊಡಿ' ಎಂದು ಹೋಗಬೇಡಿ. ಅವರದೇ ಒಂದು ಚೀಟಿಯನ್ನು ಸರಿಮಾಡಿ ತೆಗೆದುಕೊಂಡು ಹೋಗಿ, 'ಇದನ್ನು ಕೊಟ್ಟರೆ ನಿಮಗೆ ಬರುವ ಫೋನು ಕಡಿಮೆಯಾಗುತ್ತದೆ' ಎಂದು ಹೇಳಿ. ವ್ಯಾಪಾರಿಗೆ ಅರ್ಥವಾಗುವ ಮಾತು ಅದು. ಮೊದಲ ಚೀಟಿ ಉಚಿತವಾದರೂ ಎರಡನೆಯದಕ್ಕೆ ದುಡ್ಡು ಕೇಳಿ. ಬರೆಯುವುದು ಸೇವೆ, ಆದರೆ ಹೊಟ್ಟೆಪಾಡೂ ಹೌದು.

ಬೆಳೆಯುವುದು ಎಂದರೆ ಹೆಚ್ಚು ಪುಟ ಬರೆಯುವುದಲ್ಲ. ಒಂದು ವಿಷಯದಲ್ಲಿ ಆಳಕ್ಕೆ ಇಳಿಯುವುದು, ಅದು ಕೃಷಿ ಯಂತ್ರವಾಗಲಿ, ಆರೋಗ್ಯವಾಗಲಿ, ಬ್ಯಾಂಕಾಗಲಿ. ಪದಪಟ್ಟಿ ಕಟ್ಟುವುದು, ಬೇರೆಯವರ ಬರಹ ತಿದ್ದುವುದು. ಕೊನೆಗೆ, ಎಂಜಿನಿಯರಿಗೆ ಧೈರ್ಯವಾಗಿ ಹೇಳುವುದು: "ಈ ಬಟನ್ ವಿವರಿಸಲು ನನಗೆ ಹತ್ತು ಸಾಲು ಬೇಕಾಯಿತು ಎಂದರೆ ಬಟನ್ನೇ ಸರಿಯಿಲ್ಲ." ಈ ಮಾತಿಗೆ ಬೆಲೆ ಬಂದ ದಿನ ನೀವು ಹಿರಿಯ ಬರಹಗಾರರು.

ಎಐ ಬಂದಿದೆ, ಅದೇ ಬರೆಯುತ್ತದಲ್ಲ ಎಂದು ಕೇಳುವಿರಿ. ಬರೆಯುತ್ತದೆ, ಅನುವಾದವನ್ನೂ ಮಾಡುತ್ತದೆ. ಕರಡು ತೆಗೆಯಲು ಬಳಸಿ, ತಪ್ಪಿಲ್ಲ. ಆದರೆ 0.4 ಗ್ರಾಂ 4 ಗ್ರಾಂ ಆಗಿದೆಯೇ ಎಂದು ನೋಡಬೇಕಾದವರು ನೀವೇ. ಚಿಕ್ಕಮ್ಮ ಮೂರನೇ ಸಾಲಿನಲ್ಲಿ ಯಾಕೆ ನಿಂತರು ಎಂದು ಪಕ್ಕದಲ್ಲಿ ನಿಂತು ನೋಡಲು ಅದಕ್ಕೆ ಆಗುವುದಿಲ್ಲ.

ಇಲಾಖೆಗಳಿಗೆ ಒಂದು ಮಾತು

ಕೃಷಿ, ಆರೋಗ್ಯ, ಕಂದಾಯ ಇಲಾಖೆಗಳು ಕರಪತ್ರ ಮುದ್ರಿಸುತ್ತಲೇ ಇರುತ್ತವೆ. ಮುದ್ರಣಕ್ಕೆ ದುಡ್ಡಿದೆ, ಕಾಗದಕ್ಕೆ ದುಡ್ಡಿದೆ. ಅರ್ಥವಾಗುವಂತೆ ಬರೆಯುವವರಿಗೂ ಇರಲಿ. ಸಾವಿರಾರು ಪ್ರತಿ ಹಾಕಿಸುವ ಮೊದಲು ಸೊರಬದ ಒಂದು ಹಳ್ಳಿಯಲ್ಲಿ ಐದು ಜನರ ಕೈಗೆ ಕೊಟ್ಟು ಓದಿಸಿ. ಅದಕ್ಕೆ ಸ್ಥಳೀಯ ಪದವೀಧರರನ್ನು ಸಂಭಾವನೆ ಕೊಟ್ಟು ಬಳಸಿಕೊಳ್ಳಿ. ಪದವಿ ಕಾಲೇಜುಗಳ ಕನ್ನಡ ಮತ್ತು ಪತ್ರಿಕೋದ್ಯಮ ವಿಭಾಗಗಳು ಒಂದು ಅಸೈನ್‌ಮೆಂಟನ್ನಾದರೂ ಪ್ರಬಂಧದ ಬದಲು ಬಳಕೆಯ ಚೀಟಿಗೆ ಮೀಸಲಿಡಲಿ.

ನಿಮಗೆ ನಮ್ಮದು ಒಂದೇ ಕೋರಿಕೆ. ಈ ವಾರ ಮನೆಗೆ ಬಂದ ಯಾವುದಾದರೂ ಒಂದು ಚೀಟಿ ಎತ್ತಿಟ್ಟುಕೊಳ್ಳಿ. ಔಷಧಿಯದೋ, ಮಾತ್ರೆಯದೋ, ಮಿಕ್ಸಿಯದೋ. ಅದರಲ್ಲಿ ಅರ್ಥವಾಗದ ಸಾಲಿಗೆ ಗೆರೆ ಹಾಕಿ, ಪಕ್ಕದಲ್ಲಿ ನಿಮ್ಮ ಮನೆಯವರಿಗೆ ಹೇಳುವಂತೆ ಬರೆಯಿರಿ. ಆಮೇಲೆ ಅದನ್ನು ಮನೆಯವರ ಕೈಗೇ ಕೊಟ್ಟು ಓದಿಸಿ.